ಜನ ಕರಗುತ್ತಿರುವ ಬಲ್ಗೇರಿಯಾಕ್ಕೆ ಯೂರೋ ಬೇಕಿತ್ತೇ?

ಪರ: ಲೆವ್ ಎಂದೋ ಕಟ್ಟಿಹಾಕಿದ ಕರೆನ್ಸಿ

ಬಲ್ಗೇರಿಯಾ ಯೂರೋ ಸೇರಿ ಸ್ವಂತ ಕರೆನ್ಸಿ ಲೆವ್ ಕಳೆದುಕೊಂಡಿತೆಂದು ಮರುಗುವವರು 1.95583 ಎಂಬ ಸಂಖ್ಯೆಯನ್ನು ನೋಡಬೇಕು. 2026ರ ಜನವರಿ 1ರಂದು ಇಷ್ಟು ಲೆವ್‌ಗೆ ಒಂದು ಯೂರೋ ಎಂದು ಬದಲಾವಣೆ ಆಯಿತು. ಜರ್ಮನಿ ತನ್ನ ಮಾರ್ಕ್ ಬಿಟ್ಟಾಗಿನ ದರವೂ ಇದೇ, ಕೊನೆಯ ಅಂಕಿಯವರೆಗೂ. ಬಲ್ಗೇರಿಯಾದಲ್ಲಿ 1997ರ ಫೆಬ್ರವರಿ ಒಂದೇ ತಿಂಗಳಲ್ಲಿ ಬೆಲೆಗಳು ಮೂರು ಪಟ್ಟು ಮೀರಿದವು, ಜನರ ಉಳಿತಾಯ ಕೊಚ್ಚಿಹೋಯಿತು. ಆ ಜುಲೈನಲ್ಲಿ ಲೆವ್ ಅನ್ನು ಕಾನೂನು ಮಾಡಿ ಮಾರ್ಕ್‌ಗೆ ಕಟ್ಟಿದರು. ಮಾರ್ಕ್ ಯೂರೋ ಆದಾಗ ಗಂಟು ಹಾಗೆಯೇ ಉಳಿಯಿತು. ಅಂದಿನಿಂದ ವಿದೇಶಿ ಮೀಸಲು ಇದ್ದಷ್ಟೇ ನೋಟು. ಬಡ್ಡಿಯ ಗಾಳಿ ಯೂರೋಪಿಯನ್ ಸೆಂಟ್ರಲ್ ಬ್ಯಾಂಕ್ ಇರುವ ಫ್ರಾಂಕ್‌ಫರ್ಟ್‌ನಿಂದಲೇ ಬೀಸುತ್ತಿತ್ತು, ಬಲ್ಗೇರಿಯಾದ ರಾಜಧಾನಿ ಸೋಫಿಯಾಕ್ಕೆ ಅಲ್ಲಿ ಕುರ್ಚಿ ಇರಲಿಲ್ಲ. ಈಗ ಇದೆ.

ಆ ವ್ಯವಸ್ಥೆಯ ಕೊರತೆ 2014ರಲ್ಲಿ ಕಂಡಿತು. ದೇಶದ ನಾಲ್ಕನೆಯ ದೊಡ್ಡ ಬ್ಯಾಂಕಿಗೆ ಠೇವಣಿದಾರರು ಮುಗಿಬಿದ್ದರು, ಜೂನ್ 20ರಂದು ಬಾಗಿಲು ಬಿತ್ತು. ಸಾಲ ಕೊಟ್ಟ ರೀತಿಯೇ ಕೊಳೆತಿತ್ತು, ನಿಜ. ಆದರೆ ಕಷ್ಟದಲ್ಲಿ ನಗದು ಕೊಡಬೇಕಾದ ಕೇಂದ್ರ ಬ್ಯಾಂಕಿನ ಕೈಯನ್ನೂ ಕಾನೂನು ಕಟ್ಟಿತ್ತು. ಠೇವಣಿ ವಿಮೆಯ ಹಣ ಜನರಿಗೆ ಸಿಗತೊಡಗಿದ್ದು ಡಿಸೆಂಬರ್ 4ರಿಂದ. ಯೂರೋ ವಲಯದ ಬ್ಯಾಂಕಿಗೆ ಬೆನ್ನ ಹಿಂದೆ ಆಸರೆ ಇರುತ್ತದೆ.

ಇನ್ನು ಜನಸಂಖ್ಯೆ. ಯೂರೋ ಬಂದರೆ ಜನ ಇನ್ನಷ್ಟು ಕರಗುತ್ತಾರೆಂಬ ಭಯವಿದೆ. 1985ರ ಗಣತಿಯಲ್ಲಿ 89 ಲಕ್ಷ, 2021ರಲ್ಲಿ 65 ಲಕ್ಷ. ಈ ಇಳಿಕೆ ಪೂರ್ತಿ ಆದದ್ದು ಲೆವ್ ಕಾಲದಲ್ಲಿ. ಪಕ್ಕದ ರೊಮೇನಿಯಾದ ಕರೆನ್ಸಿ ಯಾವುದಕ್ಕೂ ಕಟ್ಟಿಲ್ಲ, ಅಲ್ಲಿಂದಲೂ ಲಕ್ಷಾಂತರ ಜನ ಹೋದರು. ಸ್ವಂತ ಯೆನ್ ಇರುವ ಜಪಾನ್ ಮುದಿಯಾಗುವುದನ್ನು ಯೆನ್ ತಡೆಯಲಿಲ್ಲ.

ತೊಂದರೆ ಇರುವುದು ಅಂಗಡಿಯಲ್ಲಿ. ಲೆಕ್ಕದ ನಿಯಮ ಸರಳ: ಲೆವ್ ಮೊತ್ತವನ್ನು 1.95583ರಿಂದ ಭಾಗಿಸಿ, ಮೂರನೆಯ ದಶಮಾಂಶ ನೋಡಿ, ಹತ್ತಿರದ ಸೆಂಟ್‌ಗೆ ತರಬೇಕು. 630.50 ಲೆವ್ ಇದ್ದ ಕನಿಷ್ಠ ಪಿಂಚಣಿ 322.37 ಯೂರೋ ಆಯಿತು. ಎರಡು ಲೆವ್ ಕಾಫಿ 1.02 ಆಗಬೇಕು, ಅಂಗಡಿಯವನ ಕೈ 1.20 ಬರೆಯಲು ಹವಣಿಸುತ್ತದೆ. ಅದಕ್ಕೇ 2026ರ ಆಗಸ್ಟ್ 8ರವರೆಗೆ ಎರಡೂ ಬೆಲೆ ತೋರಿಸುವುದನ್ನು ಕಡ್ಡಾಯ ಮಾಡಿದ್ದು. ಯೂರೋ ಬಂದರೆ ತೊಟ್ಟಿಲು ತುಂಬುತ್ತದೆಂಬ ಭರವಸೆಯನ್ನು ಮಾತ್ರ ನಾನು ಕೊಡಲಾರೆ.

ವಿರೋಧ: ದರ ಅಲುಗದಿದ್ದರೆ ಜನ ಅಲುಗುತ್ತಾರೆ

ಬಲ್ಗೇರಿಯಾದ ಎರಡು ಯೂರೋ ನಾಣ್ಯದ ಅಂಚಿನ ಸುತ್ತ ‘ದೇವರೇ, ಬಲ್ಗೇರಿಯಾವನ್ನು ಕಾಪಾಡು’ ಎಂದು ಕೆತ್ತಿದೆ. ಮುಂದಿನ ಬಿಕ್ಕಟ್ಟಿನಲ್ಲಿ ಆ ದೇಶ ಯಾರಿಂದ ಕಾಪು ನಿರೀಕ್ಷಿಸಬೇಕು ಎಂಬುದೇ ನನ್ನ ಪ್ರಶ್ನೆ. ಉತ್ತರಕ್ಕೆ ಲಾಟ್ವಿಯಾ ನೋಡೋಣ.

2008ರ ಕೊನೆಗೆ ಅಲ್ಲಿ ಸಾಲದ ಗುಳ್ಳೆ ಒಡೆಯಿತು. ಯೂರೋ ಸೇರಲೇಬೇಕೆಂಬ ಹಟದಲ್ಲಿದ್ದ ಸರ್ಕಾರ ತನ್ನ ಕರೆನ್ಸಿ ಲಾಟ್ಸ್‌ನ ಬೆಲೆ ಇಳಿಸಲು ಒಪ್ಪಲಿಲ್ಲ. ಇಳಿಸಿದ್ದರೆ ರಫ್ತು ಒಂದೇ ದಿನದಲ್ಲಿ ಅಗ್ಗವಾಗುತ್ತಿತ್ತು. ವಿದೇಶಿ ಕರೆನ್ಸಿಯಲ್ಲಿ ಸಾಲ ಮಾಡಿದವರಿಗೆ ಪೆಟ್ಟು ಬೀಳುತ್ತಿತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಬದಲಿಗೆ ಕಡಿತವೆಲ್ಲ ಮನುಷ್ಯರ ಮೇಲೆ ಬಿತ್ತು. ಸರ್ಕಾರಿ ಸಂಬಳ ಕತ್ತರಿಸಿದರು, ಶಾಲೆ-ಆಸ್ಪತ್ರೆ ಮುಚ್ಚಿದರು. ಪಿಂಚಣಿಯಲ್ಲಿ ಶೇ. 10, ಪಿಂಚಣಿ ಪಡೆಯುತ್ತಲೇ ದುಡಿಯುತ್ತಿದ್ದ ಹಿರಿಯರಿಗೆ ಶೇ. 70 ಕಡಿತ. ಅದು ಎಷ್ಟು ಅನ್ಯಾಯವಾಗಿತ್ತೆಂದರೆ 2009ರ ಡಿಸೆಂಬರ್‌ನಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯವೇ ರದ್ದು ಮಾಡಿತು. ನಿರುದ್ಯೋಗ ಶೇ. 20ರ ಹತ್ತಿರ ಹೋಯಿತು. ಯುವಕರು ಬ್ರಿಟನ್, ಐರ್ಲೆಂಡಿಗೆ ಹೊರಟರು. 2000ದ ಗಣತಿಯಲ್ಲಿ 23.8 ಲಕ್ಷ ಇದ್ದ ಜನ 2011ರ ಗಣತಿಗೆ 20.7 ಲಕ್ಷ. ನಿರುದ್ಯೋಗ ಆಮೇಲೆ ಇಳಿಯಿತೆಂದು ಇದನ್ನು ಯಶಸ್ಸಿನ ಕಥೆಯಾಗಿ ಹೇಳುವವರಿದ್ದಾರೆ. ಕೆಲಸ ಹುಡುಕುವವರೇ ಊರು ಬಿಟ್ಟರೆ ನಿರುದ್ಯೋಗ ಇಳಿಯದೆ ಇನ್ನೇನಾಗುತ್ತದೆ?

ಹೋದವನ ಜೊತೆ ಏನೇನು ಹೋಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕು. ಬಲ್ಗೇರಿಯಾದ ಪಿಂಚಣಿ ಬಹುಪಾಲು ನಿಂತಿರುವುದು ಇಂದು ದುಡಿಯುವವರ ವಂತಿಗೆ, ತೆರಿಗೆಗಳ ಮೇಲೆ. ಪ್ಲೋವ್‌ಡಿವ್‌ನ ನರ್ಸ್ ಮ್ಯೂನಿಕ್‌ಗೆ ಹೋದರೆ ಅವಳ ವಂತಿಗೆ ಜರ್ಮನಿಯ ಖಜಾನೆಗೆ. ಅವಳ ತಾಯಿಯ ಪಿಂಚಣಿಯ ಭಾರ ಬಲ್ಗೇರಿಯಾದಲ್ಲಿ ಉಳಿದವರ ಹೆಗಲಿಗೆ. ಅವಳನ್ನು ಓದಿಸಿದ ಖರ್ಚು ಬಲ್ಗೇರಿಯಾದ್ದು. ಅವಳು ಹೆರುವ ಮಗು ಓದುವುದು ಮ್ಯೂನಿಕ್‌ನಲ್ಲಿ. ತಾಯಿಗೆ ಕಳಿಸುವ ದುಡ್ಡು ಅಡುಗೆಮನೆಗೆ ಬರುತ್ತದೆ, ಪಿಂಚಣಿ ನಿಧಿಗೆ ಬರುವುದಿಲ್ಲ. 2023ರಲ್ಲಿ ಸುಮಾರು 57 ಸಾವಿರ ಹುಟ್ಟು, ಒಂದು ಲಕ್ಷದಷ್ಟು ಸಾವು, ನಾಲ್ವರಲ್ಲಿ ಹತ್ತಿರಹತ್ತಿರ ಒಬ್ಬರು 65 ದಾಟಿದವರು: ಇಂಥ ದೇಶ ಲಾಟ್ವಿಯಾದ ಹಾಗೆ ಇನ್ನೊಂದು ಅಲೆಯನ್ನು ತಾಳಲಾರದು.

ಗುಳ್ಳೆಗೆ ಗಾಳಿ ಆಗಲೇ ಊದಲಾಗುತ್ತಿದೆ. 2025ರಲ್ಲಿ ಬಲ್ಗೇರಿಯಾದ ಮನೆ ಬೆಲೆ ಶೇ. 15ರ ಆಸುಪಾಸಿನಲ್ಲಿ ಏರುತ್ತಿತ್ತು, ಸಾಮಾನ್ಯ ಬೆಲೆಗಳು ಶೇ. 3ಕ್ಕಿಂತ ಮೇಲೆ. ಆ ವರ್ಷದ ಕೊನೆಗೆ ಯೂರೋಪಿಯನ್ ಸೆಂಟ್ರಲ್ ಬ್ಯಾಂಕಿನ ಠೇವಣಿ ಬಡ್ಡಿ ಶೇ. 2, ಬೆಲೆ ಏರಿಕೆಗಿಂತ ಕಡಿಮೆ. ಸಾಲಕ್ಕೆ ಕಡಿವಾಣವಾಗಿ ಸೋಫಿಯಾದ ಕೇಂದ್ರ ಬ್ಯಾಂಕು ಠೇವಣಿಗಳ ಶೇ. 12 ಭಾಗವನ್ನು ತನ್ನಲ್ಲಿ ಕಟ್ಟಿಡಿಸಿಕೊಳ್ಳುತ್ತಿತ್ತು. ಯೂರೋ ವಲಯದಲ್ಲಿ ಆ ಪಾಲು ಶೇ. 1. ಬಿಡುಗಡೆಯಾದ ಹಣದ ಕಣ್ಣು ಮನೆ ಸಾಲದ ಮೇಲೆಯೇ ಇರುತ್ತದೆ. ಸರ್ಕಾರದ ಸಾಲ ಕಡಿಮೆ ಇದೆ ಎಂದು ಎದೆಯುಬ್ಬಿಸುವವರಿಗೆ ಸ್ಪೇನ್ ನೆನಪಿರಲಿ. 2007ರಲ್ಲಿ ಅದರ ಸಾಲ ಜಿಡಿಪಿಯ ಶೇ. 40ಕ್ಕಿಂತ ಕಡಿಮೆ, ಬಜೆಟ್‌ನಲ್ಲಿ ಮಿಗುತೆ. 2013ರಲ್ಲಿ ನಿರುದ್ಯೋಗ ಶೇ. 26.

ಲೆವ್ ಹೇಗೂ ಕಟ್ಟಿಹಾಕಿದ್ದಲ್ಲವೇ ಎಂಬ ಮಾತಿಗೆ ಹೆಚ್ಚು ಹೊತ್ತು ಬೇಡ. ಹಗ್ಗದ ಗಂಟು ಪ್ರಾಣಕ್ಕೆ ಬಂದರೆ ಬಿಚ್ಚಬಹುದು, ಬೆಸುಗೆ ಬಿಚ್ಚಲಾಗದು.

ನಮ್ಮಲ್ಲೂ ಹಲವು ರಾಜ್ಯಗಳಿಗೆ ಒಂದೇ ರೂಪಾಯಿ. ಆದರೆ ಕೇಂದ್ರ ತೆರಿಗೆಯ ಹಂಚಬಹುದಾದ ಮೊತ್ತದಲ್ಲಿ ಶೇ. 41 ರಾಜ್ಯಗಳಿಗೆ ಹೋಗುತ್ತದೆ. ಕರ್ನಾಟಕಕ್ಕೆ ತನ್ನ ಪಾಲಿನ ಬಗ್ಗೆ ನ್ಯಾಯವಾದ ತಕರಾರಿದೆ, ಹಂಚುವ ಏರ್ಪಾಡಂತೂ ಇದೆ. ಯೂರೋಪಿಯನ್ ಒಕ್ಕೂಟದ ಬಜೆಟ್ ಅದರ ಒಟ್ಟು ಆದಾಯದ ಶೇ. 1ರ ಆಸುಪಾಸು. 2020ರಲ್ಲಿ ಕೋವಿಡ್‌ಗೆಂದು ಉದ್ಯೋಗ ಉಳಿಸಲು ‘ಶ್ಯೂರ್’ ಯೋಜನೆ ತಂದರು, 100 ಬಿಲಿಯನ್ ಯೂರೋವರೆಗೆ. ಕೊಟ್ಟದ್ದು ಸಾಲ, ಅದೂ 2022ರ ಕೊನೆಗೆ ನಿಂತಿತು. ಎಲ್ಲ ಸದಸ್ಯ ದೇಶಗಳಿಗೂ ಕಾಯಂ ಆದ, ಸಾಲವಲ್ಲದ ನಿರುದ್ಯೋಗ ವಿಮೆ ಇಂದಿಗೂ ಇಲ್ಲ. ಸಹಿ ಹಾಕುವ ಮುನ್ನ ಸೋಫಿಯಾ ಪಟ್ಟು ಹಿಡಿದು ಕೇಳಬೇಕಿದ್ದುದು ಅದನ್ನು.