ಬಣ್ಣಕ್ಕೆ ನಮ್ಮೂರ ಹವೆ, ಬಾಲಕ್ಕೆ ಬ್ರೆಮೆನ್ನಿನ ರೂಢಿ

ಫೊಕೆ-ವುಲ್ಫ್ 190 ಯುದ್ಧವಿಮಾನ ನಾನೀಗ ಇರುವ ಜರ್ಮನಿಯ ಬ್ರೆಮೆನ್ನಿನದು. ಮೊದಲು ಹಾರಿದ್ದು 1939ರ ಜೂನ್ 1ರಂದು. ಅದನ್ನು ರೂಪಿಸಿದ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದರು. ಅವರ ನೇತೃತ್ವದಲ್ಲಿ ತಯಾರಾದ ಮಾರುತ್ ಜೆಟ್ 1961ರ ಜೂನ್ 17ರಂದು ಹಾರಿತು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ಮಾರುತ್ ನೋಡಿದವರಿಗೆ, ಅದೇ ಕೈ ಅದಕ್ಕೂ ಮೊದಲು ಮಾಡಿದ ವಿಮಾನವನ್ನು 1/48 ಅಳತೆಯ ಪ್ಲಾಸ್ಟಿಕ್ ಮಾಡೆಲ್ ಆಗಿ ಕಟ್ಟುವ ಆಸೆ ಹುಟ್ಟಿದರೆ ಅದು ತೀರಾ ಸಹಜ. ಆದರೆ ಊರಿನ ಹವ್ಯಾಸಿಗಳು ಯುರೋಪಿನವರ ಬಣ್ಣದ ಲೆಕ್ಕವನ್ನು ಹಾಗೇ ಅನುಸರಿಸುತ್ತಾರೆ, ಇಲ್ಲಿಯ ಜರ್ಮನ್ನರಿಂದ ನಿಜಕ್ಕೂ ಕಲಿಯಬೇಕಾದ್ದನ್ನು ಬಿಟ್ಟುಬಿಡುತ್ತಾರೆ ಅನ್ನುವುದು ನನ್ನ ಅನಿಸಿಕೆ.

ಮೊದಲು ಬಣ್ಣದ ಮಾತು. ಬ್ರೆಮೆನ್ನಿನಲ್ಲಿ ಚಳಿಗಾಲಕ್ಕೆ ಹೀಟರ್ ಹಾಕಿದ ಕೋಣೆಯ ಗಾಳಿ ಒಣಗಿರುತ್ತದೆ. ಅಕ್ರಿಲಿಕ್ ಬಣ್ಣ, ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಏರ್‌ಬ್ರಷ್ಷಿನ ಸೂಜಿಯ ತುದಿಯಲ್ಲೇ ಒಣಗಿ ಕಟ್ಟಿಕೊಳ್ಳುತ್ತದೆ. ಆಮೇಲೆ ಒಮ್ಮೆಲೇ ಸಿಡಿದು ಚುಕ್ಕೆ ಬೀಳುತ್ತದೆ. ಬೆಂಗಳೂರಿನ ಜುಲೈ ತಿಂಗಳಲ್ಲಿ, ಮಂಗಳೂರಿನಲ್ಲಂತೂ ಇನ್ನೂ ಹೆಚ್ಚಾಗಿ, ಆಗುವುದು ಇದರ ತದ್ವಿರುದ್ಧ. ಲ್ಯಾಕರ್ ಬಣ್ಣವನ್ನು ತೆಳುಮಾಡುವ ಥಿನ್ನರ್ ಬೇಗ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯ ತೇವ ಅದರ ಮೇಲೆ ಕೂತು, ಬಣ್ಣ ಹಾಲು ಚೆಲ್ಲಿದಂತೆ ಮಸುಕಾಗುತ್ತದೆ. ಕೊನೆಯ ಮ್ಯಾಟ್ ವಾರ್ನಿಷ್ ಹೀಗೆ ಬೆಳ್ಳಗಾದರೆ ತಿಂಗಳ ಕೆಲಸ ಹಾಳಾದಂತೆ ಕಾಣುತ್ತದೆ. ಗಾಬರಿಯಾಗಿ ಉಜ್ಜಲು ಹೋಗಬೇಡಿ. ಮಳೆ ಬಿಟ್ಟ ದಿನ ರಿಟಾರ್ಡರ್ (ಒಣಗುವುದನ್ನು ನಿಧಾನಿಸುವ ದ್ರವ) ಬೆರೆಸಿದ ಲ್ಯಾಕರ್ ಥಿನ್ನರನ್ನಷ್ಟೇ ತೆಳುವಾಗಿ ಮಂಜಿನಂತೆ ಸಿಂಪಡಿಸಿದರೆ ಪದರ ಮತ್ತೆ ಕರಗಿ, ನಿಧಾನಕ್ಕೆ ಒಣಗಿ, ಬಹುಪಾಲು ತಿಳಿಯಾಗುತ್ತದೆ. ಮಳೆಗಾಲದಲ್ಲಿ ಮೊದಲೇ ಥಿನ್ನರ್‌ಗೆ ಶೇ 5ರಿಂದ 10ರಷ್ಟು ರಿಟಾರ್ಡರ್ ಸೇರಿಸಿಕೊಳ್ಳಿ. ಕಂಪ್ರೆಸರ್‌ಗೆ ಗಾಳಿಯ ತೇವ ಹಿಡಿಯುವ ವಾಟರ್ ಟ್ರ್ಯಾಪ್ ಇಲ್ಲದೆ ಕೂರಲೇಬೇಡಿ. ಹಾರ್ಡ್‌ವೇರ್ ಅಂಗಡಿಯ ಎನ್‌ಸಿ ಥಿನ್ನರ್ ಏರ್‌ಬ್ರಷ್ ತೊಳೆಯಲು ಚೆನ್ನ. ಬಣ್ಣಕ್ಕೆ ಬೆರೆಸಿ ಒದ್ದೆಯಾಗಿ ಹೊಡೆದರೆ ಪ್ಲಾಸ್ಟಿಕ್ಕನ್ನೇ ತಿನ್ನುತ್ತದೆ.

ಈ ವಿಮಾನದ ಚೆಂದವೆಲ್ಲ ಇರುವುದು ಪಕ್ಕೆಯ ಮಚ್ಚೆಗಳಲ್ಲಿ. ಮೇಲ್ಭಾಗಕ್ಕೆ ಆರ್‌ಎಲ್‌ಎಂ (ಆಗಿನ ಜರ್ಮನ್ ವಾಯುಯಾನ ಸಚಿವಾಲಯ) ಬಣ್ಣಪಟ್ಟಿಯ 74 ಮತ್ತು 75ರ ಬೂದುಗಳು, ಕೆಳಗೆ 76ರ ತಿಳಿನೀಲಿ. ಆ ತಿಳಿನೀಲಿ ಪಕ್ಕೆಗಳ ಮೇಲೂ ಹತ್ತುತ್ತದೆ, ಅದರ ಮೇಲೆ 74, 75, ಕೆಲವದರಲ್ಲಿ 02 ಬಣ್ಣಗಳ ಮೋಡಮೋಡ ಮಚ್ಚೆ. 0.2 ಮಿ.ಮೀ. ಸೂಜಿ, ಒಂದು ಪಾಲು ಬಣ್ಣಕ್ಕೆ ಎರಡು ಪಾಲು ಥಿನ್ನರ್, 0.8 ಬಾರ್ ಒತ್ತಡ, ಮಾಡೆಲ್‌ನಿಂದ ಒಂದೆರಡು ಸೆಂಟಿಮೀಟರ್ ದೂರ. ಬಣ್ಣ ಜೇಡರ ಕಾಲಿನಂತೆ ಹರಿದರೆ ಒತ್ತಡ ಹೆಚ್ಚಾಯಿತು ಅಥವಾ ಬಣ್ಣ ತೀರಾ ನೀರಾಯಿತು ಎಂದರ್ಥ. ಪ್ಲಾಸ್ಟಿಕ್ ಚಮಚದ ಬೆನ್ನ ಮೇಲೆ ಹತ್ತು ಮಚ್ಚೆ ಸರಿಯಾಗಿ ಬಂದ ಮೇಲೆ ವಿಮಾನ ಮುಟ್ಟಿ.

ಡೆಕಾಲ್ (ನೀರಲ್ಲಿ ನೆನೆಸಿ ಅಂಟಿಸುವ ಗುರುತಿನ ಚಿತ್ರ) ನೆನೆಸಲು ಬೋರ್‌ವೆಲ್ ನೀರು ಬೇಡ, ಒಣಗಿದ ಮೇಲೆ ಸುಣ್ಣದ ಗೆರೆ ಉಳಿಯುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸಾಕು. ಕೆಳಗೆ ಹೊಳಪಿನ (ಗ್ಲಾಸಿ) ವಾರ್ನಿಷ್ ಇರಲೇಬೇಕು, ಮ್ಯಾಟ್ ಮೇಲ್ಮೈಯಲ್ಲಿ ಗಾಳಿ ಸಿಕ್ಕಿಕೊಂಡು ಡೆಕಾಲ್ ಬೆಳ್ಳಿಯಂತೆ ಹೊಳೆಯುತ್ತದೆ.

ಪೈಲಟ್ ತಲೆಯ ಮೇಲಿನ ಗಾಜಿನ ಮುಚ್ಚಳದಲ್ಲಿ ಎಡವುವವರು ಬಹಳ. ನಿಜವಾದ ವಿಮಾನದಲ್ಲಿ ಅದು ಹಿಂದಕ್ಕೆ ಸರಿದಾಗ, ಮೈ ಕಿರಿದಾಗುವುದಕ್ಕೆ ತಕ್ಕಂತೆ ತಾನೂ ಒಳಕ್ಕೆ ಒತ್ತಿಕೊಳ್ಳುತ್ತಿತ್ತು. ಅದಕ್ಕೇ ಎಡುವಾರ್ಡ್ ಕಂಪನಿಯ ಕಿಟ್‌ನಲ್ಲಿ ಎರಡು ಮುಚ್ಚಳ ಕೊಡುತ್ತಾರೆ, ಮುಚ್ಚಿದ್ದಕ್ಕೆ ಅಗಲದ್ದು, ತೆರೆದದ್ದಕ್ಕೆ ಕಿರಿದು. ಅಗಲದ್ದನ್ನೇ ತೆರೆದು ಅಂಟಿಸಿದರೆ ಬೆನ್ನ ಎರಡೂ ಕಡೆ ಗಾಜು ಹೊರಚಾಚಿ ನಿಲ್ಲುತ್ತದೆ. ಅಂಟಿಸಲು ಫೆವಿಕಾಲ್ ಸಾಕು, ಒಣಗಿದ ಮೇಲೆ ಕಾಣುವುದಿಲ್ಲ. ತೇವದ ಹವೆಯಲ್ಲಿ ಸೂಪರ್ ಗ್ಲೂನ ಆವಿ ಗಾಜಿನ ಮೇಲೆ ಬೂಷ್ಟಿನಂತೆ ಕೂರುತ್ತದೆ.

ಇನ್ನು ಬಾಲ. ನಿಜವಾದ ವಿಮಾನದ ಬಾಲದಲ್ಲಿ ನಾಜಿ ಸ್ವಸ್ತಿಕ ಇರುತ್ತಿತ್ತು. ಜರ್ಮನಿಯಲ್ಲಿ ನಾಜಿ ಚಿಹ್ನೆಯ ಸಾರ್ವಜನಿಕ ಪ್ರದರ್ಶನ ದಂಡಸಂಹಿತೆಯ 86ಎ ಕಲಮಿನಡಿ ಅಪರಾಧ. ಕಲೆ, ಸಂಶೋಧನೆ, ಶಿಕ್ಷಣಕ್ಕೆ ವಿನಾಯಿತಿ ಇದೆ. ಹಲವು ಡೆಕಾಲ್ ಹಾಳೆಗಳಲ್ಲಿ ಆ ಗುರುತು ಇರುವುದಿಲ್ಲ, ಇದ್ದರೂ ಎರಡು ತುಂಡಾಗಿರುತ್ತದೆ. ರೆಕ್ಕೆಯ ಕಪ್ಪು-ಬಿಳಿ ಶಿಲುಬೆಗೆ ಅಡ್ಡಿಯಿಲ್ಲ. ನಮ್ಮಲ್ಲಿ ಅಂಥ ಕಾನೂನಿಲ್ಲ, ಆ ತುಂಡುಗಳನ್ನು ಜೋಡಿಸಿ ಅಂಟಿಸುವುದೇ ನಿಖರತೆ ಅಂದುಕೊಳ್ಳುತ್ತೇವೆ. ನಾನು ಒಪ್ಪುವುದಿಲ್ಲ. ಆಯುಧಪೂಜೆಯ ದಿನ ಲೆಕ್ಕದ ಪುಸ್ತಕದ ಮೇಲೆ ಅಜ್ಜಿ ಕುಂಕುಮದಲ್ಲಿ ಬರೆದ ಸ್ವಸ್ತಿಕವನ್ನು ನೋಡುವ ಮಗು, ಅದೇ ಮನೆಯ ಶೋಕೇಸ್‌ನ ವಿಮಾನದ ಬಾಲದಲ್ಲಿರುವುದನ್ನೂ ನೋಡುತ್ತದೆ. ಎರಡೂ ಒಂದೇ ಅಂದುಕೊಂಡರೆ ತಪ್ಪು ಮಗುವಿನದಲ್ಲ. ಬ್ರೆಮೆನ್ನಿನ ಫಾರ್ಗೆಯಲ್ಲಿ ಸಾವಿರಾರು ಜನರನ್ನು ಬಲವಂತವಾಗಿ ದುಡಿಸಿ ಕಟ್ಟಿಸಿದ ವ್ಯಾಲೆಂಟಿನ್ ಎಂಬ ಜಲಾಂತರ್ಗಾಮಿ ಬಂಕರ್ ಇಂದಿಗೂ ಸ್ಮಾರಕವಾಗಿ ನಿಂತಿದೆ. ಆ ಗುರುತಿನಡಿ ನಡೆದದ್ದು ಅದು.

ಗುರುತು ಬಿಟ್ಟರೆ ಬಾಲದ ರೆಕ್ಕೆ ಬೋಳಾಗಿ ಕಾಣುತ್ತದೆ ಅನ್ನುವುದು ನಿಜ. ಅದಕ್ಕೆ ಆ ಜಾಗದ ಮಚ್ಚೆಗಳನ್ನು ಉಳಿದ ಕಡೆಗಿಂತ ಸಣ್ಣದಾಗಿ, ಒತ್ತಾಗಿ ಹೊಡೆಯಿರಿ. ಚುಕ್ಕಾಣಿಯ ಕೀಲಿನ ಗೆರೆಗೆ ತೆಳುವಾದ ಕಂದು ವಾಶ್ (ನೀರಾದ ಬಣ್ಣ) ಬಿಡಿ.