ಅಗಲಿದವರ ಜೊತೆ ಮಾತಾಡಲು ಊರಿಗೊಂದು ಜಾಗ ಬೇಕೇ?

ನೋಡುಗರೇ ಒಳಗೆ ಹೊಕ್ಕು, ಮುಟ್ಟಿ, ಮಾತಾಡಿ ಪಾಲ್ಗೊಳ್ಳುವ ಇನ್‌ಸ್ಟಾಲೇಶನ್ ಕಲೆ ಈಗ ಸಾವನ್ನೂ ಅಗಲಿಕೆಯನ್ನೂ ಕೈಗೆತ್ತಿಕೊಂಡಿದೆ. ಅಂಥವನ್ನು ನಮ್ಮ ಊರುಗಳಲ್ಲೂ ಕಟ್ಟಬೇಕೇ? ಇಬ್ಬರು ಬರೆದಿದ್ದಾರೆ.

ಪರ: ಬೇಕು, ಮೊದಲು ಮಲ್ಪೆಯಲ್ಲಿ ಬೇಕು

ಜಪಾನಿನ ಇವಾತೆ ಪ್ರಾಂತ್ಯದಲ್ಲಿ ಒತ್ಸುಚಿ ಎಂಬ ಕಡಲೂರಿದೆ. ಅಲ್ಲಿ ಗುಡ್ಡದ ಮೇಲಿನ ಒಂದು ತೋಟದಲ್ಲಿ ಬಿಳಿ ಬಣ್ಣದ ಟೆಲಿಫೋನ್ ಬೂತ್ ನಿಂತಿದೆ. ಒಳಗೆ ಬೆರಳು ಹಾಕಿ ತಿರುಗಿಸುವ ಹಳೆಯ ಕಪ್ಪು ಫೋನು. ಅದಕ್ಕೆ ಲೈನ್ ಇಲ್ಲ. ತೋಟದ ಯಜಮಾನ ಇತಾರು ಸಾಸಾಕಿ 2010ರಲ್ಲಿ ಅದನ್ನು ನಿಲ್ಲಿಸಿದ್ದು ತೀರಿಕೊಂಡ ತಮ್ಮ ಸೋದರಸಂಬಂಧಿಯ ಜೊತೆ ಮಾತಾಡಲು. ಮರುವರ್ಷ ಮಾರ್ಚ್ 11ಕ್ಕೆ ಸುನಾಮಿ ಬಂತು. ಒತ್ಸುಚಿಯಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಬ್ಬರಂತೆ ಸತ್ತರು, ಇಲ್ಲವೇ ಕಾಣೆಯಾದರು. ಊರಿನ ಮೇಯರ್ ಕೂಡ ಉಳಿಯಲಿಲ್ಲ. ಸಾಸಾಕಿ ತೋಟವನ್ನು ಎಲ್ಲರಿಗೂ ತೆರೆದಿಟ್ಟರು. ಮುಂದಿನ ಹತ್ತು ವರ್ಷಗಳಲ್ಲಿ 30,000ಕ್ಕೂ ಹೆಚ್ಚು ಜನ ಅಲ್ಲಿಗೆ ಹೋಗಿ ರಿಸೀವರ್ ಎತ್ತಿದ್ದಾರೆ.

ಸಾಸಾಕಿ ತೋಟಗಳನ್ನು ವಿನ್ಯಾಸ ಮಾಡುವವರು. ಗ್ಯಾಲರಿಗೂ ಅವರಿಗೂ ನಂಟಿಲ್ಲ. ಆದರೂ ಇನ್‌ಸ್ಟಾಲೇಶನ್ ಕಟ್ಟುವುದನ್ನೇ ಕಸುಬು ಮಾಡಿಕೊಂಡ ನನಗೆ ಆ ಬೂತಿಗಿಂತ ದೊಡ್ಡ ಪಾಠ ಸಿಕ್ಕಿಲ್ಲ. ಅದರ ಬಾಗಿಲು ಒಬ್ಬರ ಹಿಂದೆ ಮುಚ್ಚಿಕೊಳ್ಳುತ್ತದೆ. ಗಾಜಿನಾಚೆ ಗಿಡ, ಆಕಾಶ ಕಾಣುತ್ತಿರುವುದರಿಂದ ಉಸಿರುಗಟ್ಟುವುದಿಲ್ಲ. ಬೆರಳು ಒಂದೊಂದೇ ಅಂಕಿಯನ್ನು ತಿರುಗಿಸಬೇಕು, ಡಯಲ್ ವಾಪಸ್ ಬರುವವರೆಗೆ ಕಾಯಬೇಕು. ಆ ಕಾಯುವಿಕೆಯಲ್ಲಿ ಮನಸ್ಸು ಮಾತಿಗೆ ಸಿದ್ಧವಾಗುತ್ತದೆ. ಸುನಾಮಿಯಲ್ಲಿ ಕೊಚ್ಚಿಹೋದ ಮನೆಯ ನಂಬರನ್ನೇ ಅಲ್ಲಿ ತಿರುಗಿಸಿದವರಿದ್ದಾರೆ. ಯಾವುದನ್ನೂ ರೆಕಾರ್ಡ್ ಮಾಡುವುದಿಲ್ಲ. ಒಳ್ಳೆಯ ವಿನ್ಯಾಸ ಎಂದರೆ ಇದೇ: ಬಂದವರಿಗೆ ಮಾಡಲು ಒಂದು ಕೆಲಸ ಕೊಟ್ಟು, ಕಲಾವಿದ ಪಕ್ಕಕ್ಕೆ ಸರಿದುಬಿಡುವುದು.

ನಮ್ಮಲ್ಲಿ ಇದು ಯಾರಿಗೆ ಬೇಕು ಎಂದು ಕೇಳುವವರು ಮಲ್ಪೆ ಬಂದರಿಗೆ ಬರಲಿ. 2018ರ ಡಿಸೆಂಬರ್ 13ರಂದು ಅಲ್ಲಿಂದ 'ಸುವರ್ಣ ತ್ರಿಭುಜ' ಬೋಟು ಏಳು ಮಂದಿಯನ್ನು ಹೊತ್ತು ಮೀನುಗಾರಿಕೆಗೆ ಹೊರಟಿತು. ಎರಡು ದಿನದಲ್ಲಿ ಸಂಪರ್ಕ ಕಡಿಯಿತು. ಮರುವರ್ಷ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣದ ಕಡಲತಳದಲ್ಲಿ ನೌಕಾಪಡೆಗೆ ಬೋಟಿನ ಅವಶೇಷ ಸಿಕ್ಕಿತು. ಆ ಏಳು ಮಂದಿ ಸಿಗಲಿಲ್ಲ. ದೇಹವೇ ಬರದ ಮನೆಯಲ್ಲಿ ಬೊಜ್ಜ (ಉತ್ತರಕ್ರಿಯೆ) ಯಾವ ದಿನ ಮಾಡುವುದು? ಫೋಟೋಕ್ಕೆ ಹಾರ ಹಾಕಲು ಯಾರ ಕೈ ಏಳುತ್ತದೆ? ತೀರಿಕೊಂಡವರಿಗೆ ನಮ್ಮಲ್ಲಿ ನೂರು ವಿಧಿಗಳಿವೆ. ಕಾಣೆಯಾದವರ ಮನೆಯವರಿಗೆ ಇರುವುದು ಪೊಲೀಸ್ ಠಾಣೆಯ ಒಂದು ದೂರಿನ ಪ್ರತಿ.

ಆ ಮನೆಗಳ ಸಂಕಟ ನನಗೆ ಹೊರಗಿನದಲ್ಲ. ಕುಂದಾಪುರದ ಕಡೆಯ ನಮ್ಮ ಅಮ್ಮಮ್ಮನ ಕಿರಿಮಗ, ನನ್ನ ಸಣ್ಣ ಮಾವ, ಹೋಟೆಲ್ ಕೆಲಸಕ್ಕೆಂದು ಬೊಂಬಾಯಿಗೆ ಹೋದವನು ಕೆಲವು ಕಾಗದ ಬರೆದ. ಆಮೇಲೆ ಸುದ್ದಿ ನಿಂತುಹೋಯಿತು. ಹೋದವರೆಲ್ಲ ಹುಡುಕಿ ಬಂದರು. ಅಮ್ಮಮ್ಮ ನಸುಕಿನಲ್ಲಿ ಬಾವಿಕಟ್ಟೆಗೆ ಹೋಗಿ, ಕೊಡಪಾನ ಇಳಿಸುವ ಮೊದಲು ಬಾವಿಯೊಳಗೆ ಬಗ್ಗಿ ಅವನ ಜೊತೆ ಮಾತಾಡುತ್ತಿದ್ದರು. "ಉಂಡ್ಯಾ ಮಗಾ?" ಎಂದು ಶುರುಮಾಡಿ, ಹಸು ಕರು ಹಾಕಿದ್ದು, ಗದ್ದೆಗೆ ನೀರು ಬಂದದ್ದು, ಅಣ್ಣಂದಿರ ಜಗಳ, ಎಲ್ಲ ಹೇಳುತ್ತಿದ್ದರು. ಬಾವಿಯಿಂದ ಅವರದೇ ದನಿ ತಿರುಗಿ ಬರುತ್ತಿತ್ತು. ಒಂದು ಸಲ ಪಕ್ಕದ ಮನೆಯವರು ಕೇಳಿಸಿಕೊಂಡು ಊರಿಗೆಲ್ಲ ಹೇಳಿದರು. ಅಜ್ಜಿಗೆ ಮರುಳು ಹಿಡಿದಿದೆ ಎಂದು ಮಕ್ಕಳೂ ನಕ್ಕರು. ಅಂದಿನಿಂದ ಅಮ್ಮಮ್ಮ ನೀರಿಗೆ ಹೋಗುವುದನ್ನೇ ಬಿಟ್ಟರು, ಸೊಸೆಯಂದಿರನ್ನು ಕಳಿಸತೊಡಗಿದರು. ಅವರಿಗೆ ಮರುಳಿರಲಿಲ್ಲ. ಮಗನಿಗೆ ತಮ್ಮ ಮಾತು ಕೇಳಿಸುವುದಿಲ್ಲ ಎಂಬುದು ಎಲ್ಲರಿಗಿಂತ ಚೆನ್ನಾಗಿ ಅವರಿಗೇ ಗೊತ್ತಿತ್ತು. ನಗುವವರಿಲ್ಲದ, ಬಾಗಿಲಿರುವ ಒಂದು ಜಾಗ ಅವರಿಗೆ ಬೇಕಿತ್ತು, ಅಷ್ಟೇ. ನಾನು ಈ ಕೆಲಸಕ್ಕೆ ಇಳಿದದ್ದು ಅದಕ್ಕಾಗಿ.

ದುಃಖ ಮನೆಯೊಳಗೇ ಇರಲಿ ಎನ್ನುವವರಿಗೆ ಬೇಕಿರುವುದು ಇನ್ನೊಬ್ಬರ ಅಳು ತಮ್ಮ ಕಿವಿಗೆ ಬೀಳದಿರುವುದು. ಭೋಪಾಲದಲ್ಲಿ ಹಾಗೆ ಸುಮ್ಮನಿರಲು ಒಪ್ಪದವರು 2014ರಲ್ಲಿ 'ರಿಮೆಂಬರ್ ಭೋಪಾಲ್' ಮ್ಯೂಸಿಯಂ ತೆರೆದರು. 1984ರ ಅನಿಲ ದುರಂತದಲ್ಲಿ ಮನೆಯವರನ್ನು ಕಳೆದುಕೊಂಡವರು ಕೊಟ್ಟ ವಸ್ತುಗಳು ಅಲ್ಲಿವೆ. ಗೋಡೆಯ ಮೇಲಿನ ಫೋನಿನ ರಿಸೀವರ್ ಎತ್ತಿ ಕಿವಿಗಿಟ್ಟರೆ ಅವರ ದನಿ ಕೇಳುತ್ತದೆ. ಸರ್ಕಾರದ್ದಾಗಲಿ ಕಂಪನಿಗಳದ್ದಾಗಲಿ ಹಣ ಮುಟ್ಟದೆ ಕಟ್ಟಿದ್ದು ಅದು.

ಮಲ್ಪೆಗೆ ಟೆಲಿಫೋನ್ ಬೇಡ. ಕಡಲಿಗೆ ಹೋಗುವವರು ಬಳಸುವುದು ವೈರ್‌ಲೆಸ್ ಸೆಟ್. ಗುಂಡಿ ಒತ್ತಿ ಹಿಡಿದಾಗ ನಾವು ಮಾತಾಡಬೇಕು, ಬಿಟ್ಟಾಗ ಆಚೆಯವರದು ಕೇಳಬೇಕು. ಬೋಟಿನ ಕ್ಯಾಬಿನ್ನಿನಷ್ಟೇ ಅಗಲದ ಮರದ ಕೋಣೆಯಲ್ಲಿ ಆ ಸೆಟ್ಟನ್ನು ಇಡೋಣ. ಕಟ್ಟುವವರು ಬೋಟು ಕಟ್ಟುವ ಬಡಗಿಗಳೇ ಆಗಿರಲಿ. ಗುಂಡಿ ಬಿಟ್ಟಾಗ ಅಂದಂದಿನ ಕಡಲಿನ ಸದ್ದು ಕೇಳಲಿ. ಮಳೆಗಾಲದಲ್ಲಿ ಮೊರೆತ, ಮಾಗಿಯಲ್ಲಿ ಮೆಲುದನಿ. ಬೀಚಿನಲ್ಲಿ ಸೆಲ್ಫಿ ತೆಗೆಯುವವರ ದಾರಿಯಿಂದ ದೂರ, ಬಂದರಿನ ಬದಿಗೆ ಅದು ಇರಲಿ. ಒಳಗೆ ಇಬ್ಬರಿಗೆ ಜಾಗವಿರಲಿ, ಏಕೆಂದರೆ ತಾಯಂದಿರು ಮೊಮ್ಮಕ್ಕಳನ್ನು ಕರೆದುಕೊಂಡೇ ಬರುತ್ತಾರೆ. ಇದರ ನಕ್ಷೆ ನನ್ನಲ್ಲಿ ತಯಾರಿದೆ. ಬಡಗಿಗಳ ಜೊತೆಗೂ ಮಾತಾಡಿದ್ದೇನೆ.

ವಿರೋಧ: ಬೀಗದ ಕೈ ಯಾರ ಹತ್ತಿರ?

ಒತ್ಸುಚಿಯ ಬೂತಿನ ಮೇಲೆ ನನಗೆ ತಕರಾರಿಲ್ಲ. ಒಬ್ಬ ಮನುಷ್ಯ ತನ್ನ ತೋಟದಲ್ಲಿ, ತನ್ನ ದುಃಖಕ್ಕೆ ನಿಲ್ಲಿಸಿ, ತಾನೇ ನೋಡಿಕೊಂಡದ್ದು ಅದು. ವಿರೋಧದ ಕಡೆಯಿಂದ ಬರೆಯಿರಿ ಎಂದು ಕೇಳಿದಾಗ ಅನುಮಾನಿಸಿದೆ. ಒಪ್ಪಿಕೊಂಡದ್ದು ಒಂದೇ ಕಾರಣಕ್ಕೆ: ಇಂಥದ್ದನ್ನು ಕಟ್ಟುವವರು ನಮ್ಮಲ್ಲಿ ಬಹಳ ಮಂದಿ, ಕಟ್ಟಿದ ಮೇಲೆ ನೋಡಿಕೊಳ್ಳುವವರು ಇಲ್ಲ.

ಕೋವಿಡ್‌ನ ಎರಡನೇ ಅಲೆ ಮುಗಿದ ಮೇಲೆ ನಮ್ಮೂರಿನಲ್ಲಿ ತಂತಿಯ ಮರವೊಂದನ್ನು ನಿಲ್ಲಿಸಿದ್ದರು. ತೀರಿಕೊಂಡವರ ಹೆಸರನ್ನು ಕಾರ್ಡಿನಲ್ಲಿ ಬರೆದು ಕಟ್ಟಬೇಕು. ಉದ್ಘಾಟನೆಯ ದಿನ ಭಾಷಣಗಳಾದವು, ಫೋಟೋಗಳಾದವು. ನಮ್ಮ ಅತ್ತಿಗೆ ತಮ್ಮನನ್ನು ಕಳೆದುಕೊಂಡಿದ್ದರು. ಆಸ್ಪತ್ರೆಯಿಂದ ಸುಡುಗಾಡಿಗೆ ಹೋಗುವಾಗ ಮುಖ ನೋಡಲೂ ಆಗಿರಲಿಲ್ಲ. ಕಾರ್ಡಿನ ಎರಡೂ ಬದಿ ತುಂಬ ಬರೆದು ಕಟ್ಟಿ ಬಂದರು. ಆಮೇಲೆ ದಾರಿಯಲ್ಲಿ ಹೋಗುವಾಗಲೆಲ್ಲ ನಿಂತು ನೋಡುತ್ತಿದ್ದರು. ಮುಂಗಾರಿಗೆ ಶಾಯಿ ಕದಡಿತು. ಮರ ಇದ್ದ ಜಾಗ ಇನ್ನೊಂದು ಕಾರ್ಯಕ್ರಮಕ್ಕೆ ಬೇಕಾಯಿತು. ಒಂದು ಬೆಳಿಗ್ಗೆ ಕಾರ್ಡುಗಳು ಕಸದ ಟ್ರ್ಯಾಕ್ಟರಿನಲ್ಲಿದ್ದವು. ಅತ್ತಿಗೆ ಅದರ ಹಿಂದೆ ಹೋಗಿ, ಚಾಲಕನನ್ನು ನಿಲ್ಲಿಸಿ, ಒದ್ದೆ ಕಾರ್ಡುಗಳಲ್ಲಿ ತಮ್ಮನ ಹೆಸರು ಹುಡುಕಿದರು. ಸಿಗಲಿಲ್ಲ. ಮನೆಗೆ ಬಂದು ನನಗೆ ಹೇಳಿದ್ದು, "ಬರೀದೇ ಇದ್ದಿದ್ರೆ ಚೆನ್ನಾಗಿತ್ತು ಕಣಪ್ಪ, ಎರಡನೇ ಸಲ ಕಳ್ಕೊಂಡಂಗಾಯ್ತು." ಅದನ್ನು ಕಟ್ಟಿದವರು ಕೆಟ್ಟವರಲ್ಲ. ಅವರಿಗೆ ಅದೊಂದು ಕಾರ್ಯಕ್ರಮವಾಗಿತ್ತು, ಮುಗಿದಿತ್ತು.

ನೋಡಿಕೊಳ್ಳುವುದು ಎಂದರೆ ಏನು ಎಂಬುದಕ್ಕೆ ಅಮೆರಿಕದ ಏಡ್ಸ್ ಕೌದಿಯನ್ನು ನೋಡಬೇಕು. ಏಡ್ಸ್‌ನಿಂದ ಸತ್ತವರ ಹೆಸರಿನಲ್ಲಿ ಅವರ ಆಪ್ತರು ಹೊಲಿದ, ಆರಡಿ ಉದ್ದ ಮೂರಡಿ ಅಗಲದ ಬಟ್ಟೆಗಳನ್ನು ಸೇರಿಸಿದ ಆ ಕೌದಿ 1987ರಲ್ಲಿ ವಾಷಿಂಗ್ಟನ್‌ನಲ್ಲಿ ಮೊದಲು ಹಾಸಿದಾಗ 1,920 ತುಂಡುಗಳಷ್ಟಿತ್ತು. ಈಗ ಸುಮಾರು 50,000, ತೂಕ 54 ಟನ್. ಹೊಲಿಗೆ ಬಿಚ್ಚಿದ ಕಡೆ ಮತ್ತೆ ಹೊಲಿಯುವವರು ಅಲ್ಲಿದ್ದಾರೆ. ಜಪಾನಿನ ತೆಶಿಮಾ ದ್ವೀಪದಲ್ಲಿ ಫ್ರೆಂಚ್ ಕಲಾವಿದ ಕ್ರಿಸ್ಟಿಯಾನ್ ಬೋಲ್ಟನ್‌ಸ್ಕಿ 2010ರಲ್ಲಿ ಮಾಡಿದ ಎದೆಬಡಿತಗಳ ಸಂಗ್ರಹವೂ ಹಾಗೆಯೇ. ಕತ್ತಲ ಕೋಣೆಯಲ್ಲಿ ಯಾರದೋ ಎದೆಬಡಿತಕ್ಕೆ ತಕ್ಕಂತೆ ಒಂದೇ ಬಲ್ಬು ಹೊತ್ತಿ ಆರುತ್ತದೆ. ಬೋಲ್ಟನ್‌ಸ್ಕಿ 2021ರಲ್ಲಿ ತೀರಿಕೊಂಡರು, ಬಲ್ಬು ನಿಂತಿಲ್ಲ. ಅದರ ಹಿಂದೆ ಹಣವಿರುವ ಸಂಸ್ಥೆಯಿದೆ, ಸಿಬ್ಬಂದಿಯಿದ್ದಾರೆ. ನಮ್ಮಲ್ಲಿ ಆ ಬಲ್ಬು ಹೋದರೆ 'ದುರಸ್ತಿಯಲ್ಲಿದೆ' ಎಂಬ ಚೀಟಿ ಅಂಟುತ್ತದೆ. ದೂರದಿಂದ ಬಸ್ ಹತ್ತಿ ಬಂದ ತಾಯಿ ಆ ಚೀಟಿ ಓದಿ ವಾಪಸ್ ಹೋಗಬೇಕು.

ಯಂತ್ರ ದೊಡ್ಡದಾದಷ್ಟೂ ಭಯ ಹೆಚ್ಚು. 2020ರಲ್ಲಿ ದಕ್ಷಿಣ ಕೊರಿಯಾದ ಟೀವಿಯೊಂದು ತೀರಿಹೋದ ಮಗಳನ್ನು ವರ್ಚುವಲ್ ರಿಯಾಲಿಟಿಯಲ್ಲಿ ತಾಯಿಯ ಮುಂದೆ ನಿಲ್ಲಿಸಿತು, ದೇಶವೆಲ್ಲ ಅದನ್ನು ನೋಡಿತು. ಇವತ್ತು ವೈರ್‌ಲೆಸ್ ಸೆಟ್ ಎನ್ನುವವರು ನಾಳೆ ಅದಕ್ಕೆ ಸತ್ತವರ ದನಿಯನ್ನೂ ಕೂಡಿಸುತ್ತಾರೆ.

ಹಳೆ ಮೈಸೂರಿನ ನಮ್ಮ ಮನೆಗಳಲ್ಲಿ ಹಿರಿಯರ ಹಬ್ಬ ಇದೆ. ಮಹಾಲಯ ಅಮಾವಾಸ್ಯೆಗೆ ಫೋಟೋ ಮುಂದೆ ಹೊಸ ಬಟ್ಟೆ ಇಟ್ಟು, ಅವರು ಇಷ್ಟಪಡುತ್ತಿದ್ದ ಅಡುಗೆಯನ್ನೇ ಎಡೆ ಹಾಕುತ್ತೇವೆ. ಬೀಡಿ ಸೇದುತ್ತಿದ್ದವರಿಗೆ ಬೀಡಿಯೂ ಉಂಟು. ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಕೂರುತ್ತೇವೆ. ಆ ಹೊತ್ತಿನಲ್ಲಿ ಒಳಗೆ ಇಣುಕುವುದಿಲ್ಲ. ವರ್ಷಕ್ಕೊಮ್ಮೆ ಬರುವ ಈ ದಿನಕ್ಕೆ ಅನುದಾನ ಬೇಕಿಲ್ಲ, ಕರೆಂಟ್ ಬೇಕಿಲ್ಲ. ತಲೆಮಾರುಗಳಿಂದ ನಿಂತಿಲ್ಲ. ದೇಹ ಸಿಗದವರಿಗೂ ದರ್ಭೆಯ ಬೊಂಬೆ ಮಾಡಿ ಸಂಸ್ಕಾರ ಮಾಡುವ ಪದ್ಧತಿ ನಮ್ಮಲ್ಲಿ ಇದ್ದೇ ಇದೆ.

ಇಷ್ಟಾದರೂ ಮಲ್ಪೆಯಲ್ಲಿ ಕಟ್ಟಿಯೇ ಕಟ್ಟುತ್ತಾರೆ ಎಂದಾದರೆ, ಮೊದಲು ಆ ಏಳು ಮನೆಗಳಿಗೆ ಹೋಗಿ ಕೇಳಲಿ. ಒಂದು ಮನೆ ಬೇಡ ಎಂದರೂ ನಿಲ್ಲಿಸಲಿ. ಒಪ್ಪಿದರೆ, ಉಪ್ಪುಗಾಳಿಗೆ ತುಕ್ಕು ಹಿಡಿದ ಸೆಟ್ಟನ್ನು ಹತ್ತು ವರ್ಷ ಯಾರು ಬದಲಿಸುತ್ತಾರೆ, ಬೆಳಿಗ್ಗೆ ಬಾಗಿಲು ಯಾರು ತೆಗೆಯುತ್ತಾರೆ, ಸಂಬಳ ಎಲ್ಲಿಂದ ಬರುತ್ತದೆ ಎಂಬುದನ್ನು ನಕ್ಷೆಯ ಜೊತೆಗೇ ಬರೆದು ಕೊಡಲಿ. ಆ ಕಾಗದ ಕೈಗೆ ಬರುವ ತನಕ ಬಂದರಿನ ಅಧಿಕಾರಿಗಳು ಜಾಗ ಕೊಡಬಾರದು.