ಸಾಯವಲ್ವು, ಬೆಳೀವಲ್ವು

ಮೊನ್ನೆ ಭಾನುವಾರ ಗೋವಾದ ವೆರ್ಣಾ ಹತ್ತಿರದ ಹಳ್ಳಿಯೊಂದರಲ್ಲಿ ನನ್ನ ಮರ್ಯಾದೆ ಹೋಯಿತು. ಅಲ್ಲಿ ಶಾಂತಕ್ಕ ಅಂತ ಇದ್ದಾರೆ, ಬಾದಾಮಿ ಕಡೆಯವರು. ಗೋವಾಕ್ಕೆ ಬಂದು ಹದಿನೈದು ವರ್ಷವಾಯಿತು, ಮನೆ ಹಿಂದೆ ಹಂದಿ ಸಾಕುತ್ತಾರೆ. ನಾನು ಲ್ಯಾಬಿನಲ್ಲಿ ಕೆಲಸ ಮಾಡುವವನು ಅನ್ನುವ ಗತ್ತಿನಲ್ಲಿ ದೊಡ್ಡಿಯ ಬಾಗಿಲಲ್ಲೇ ನಿಂತು ಕೈಗೆ ಸ್ಯಾನಿಟೈಸರ್ ಸುರಿದುಕೊಂಡೆ. "ಏನ್ರೀ ಸರ, ಹಂದಿ ನೋಡಾಕ ಅತ್ತರ ಹಚ್ಕೊಂಡು ಬಂದೀರೇನು?" ಅಂದರು.

ಅತ್ತರು ಹಚ್ಚಿಕೊಂಡಿದ್ದರೂ ವ್ಯತ್ಯಾಸ ಆಗುತ್ತಿರಲಿಲ್ಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಅವರ ಗೋಳು ಬೇರೆ. ಹಾಲು ಬಿಡಿಸಿದ ತಿಂಗಳೊಳಗೆ ಮರಿಗಳು ಸೊರಗಲು ಶುರು. ಬೆನ್ನುಮೂಳೆ ಎದ್ದು ಕಾಣುತ್ತಿತ್ತು, ಕಿವಿ ಬಿಳಚಿಕೊಂಡಿತ್ತು. ಜೊತೆಗೆ ಹುಟ್ಟಿದ ಒಂದು ಮರಿ ಗುಂಡಗಿದೆ, ಪಕ್ಕದ್ದು ಅದರ ಅರ್ಧ. "ಸಾಯವಲ್ವು, ಬೆಳೀವಲ್ವು" ಅಂದರು. ಔಷಧಿ ಅಂಗಡಿಯವನೊಬ್ಬ ಸುಮ್ನೆ ಆಂಟಿಬಯಾಟಿಕ್ ಕೊಟ್ಟು ಕೊಟ್ಟು ದುಡ್ಡು ಕಿತ್ತಿದ್ದ. ಕೊನೆಗೆ ಪಶುವೈದ್ಯರು ಸ್ಯಾಂಪಲ್ ಕಳಿಸಿದರು. ಸಿಕ್ಕಿದ್ದು ಸರ್ಕೋವೈರಸ್ ಅನ್ನುವ ಹಂದಿ ವೈರಸ್ಸು, ಅದರ ಎರಡನೇ ಬಗೆ.

ಆಫ್ರಿಕನ್ ಹಂದಿ ಜ್ವರ ಅಂದರೆ ಟಿವಿಯವರು ಓಡಿ ಬರುತ್ತಾರೆ, ರಾತ್ರೋರಾತ್ರಿ ಹಂದಿಗಳು ಸಾಯುತ್ತವಲ್ಲ. ಇದನ್ನು ಯಾರೂ ಕೇಳುವುದಿಲ್ಲ. ನನಗೆ ಸಿಟ್ಟು ಬರುವುದು ಅದಕ್ಕೇ.

ಈ ವೈರಸ್ಸನ್ನು ಬೈಯುವ ಮೊದಲು ಒಮ್ಮೆ ನೋಡಬೇಕು ಕಣ್ರೀ. ಪ್ರಾಣಿಗಳಿಗೆ ತಗಲುವ ವೈರಸ್ಸುಗಳಲ್ಲೇ ಇದರ ಮನೆತನ ತೀರಾ ಚಿಕ್ಕದು. ಅಡ್ಡಳತೆ ಸುಮಾರು 17 ನ್ಯಾನೋಮೀಟರ್. ಒಂದು ಮಿಲಿಮೀಟರಿನಲ್ಲಿ ಸಾಲಾಗಿ ಐವತ್ತು ಸಾವಿರಕ್ಕೂ ಜಾಸ್ತಿ ನಿಲ್ಲಿಸಬಹುದು. ಒಳಗಿರುವುದು ಬಳೆಯಂತೆ ಸುತ್ತಿಕೊಂಡ ಒಂದೇ ಎಳೆಯ ಡಿಎನ್‌ಎ. ಅದರಲ್ಲಿ 1,768 ಅಕ್ಷರ ಇರಬಹುದು. ಈ ಪೋಸ್ಟಿಗಿಂತಲೂ ಕಡಿಮೆ! ಅಷ್ಟೂ ಜಾಗದಲ್ಲಿ ಮುಖ್ಯ ಕೆಲಸ ಎರಡೇ: ಒಂದು ಜೀನ್ ವೈರಸ್ಸಿನ ನಕಲು ಶುರು ಮಾಡಿಸಲು, ಇನ್ನೊಂದು ಹೊರಗಿನ ಚಿಪ್ಪು ಕಟ್ಟಲು. ಒಂದನ್ನು ಈ ಕಡೆಯಿಂದ ಓದಬೇಕು, ಇನ್ನೊಂದನ್ನು ಆ ಕಡೆಯಿಂದ. 'ಸರ' ಅಂತ ಬರೆದದ್ದು ಹಿಂದಿನಿಂದ 'ರಸ' ಆಗುತ್ತಲ್ಲ, ಹಾಗೆ.

ಚಿಪ್ಪಂತೂ ಇನ್ನೂ ಚೆಂದ. ಗೋವಾದಲ್ಲಿ ಫುಟ್‌ಬಾಲ್ ಗೊತ್ತಿಲ್ಲದವರಿಲ್ಲ. ಹಳೇ ಚೆಂಡಿನಲ್ಲಿ ಹನ್ನೆರಡು ಕಪ್ಪು ತುಂಡು ಇರುತ್ತಿದ್ದವು, ಒಂದೊಂದಕ್ಕೂ ಐದು ಮೂಲೆ. ಇಲ್ಲೂ ಹನ್ನೆರಡು ಕಡೆ ಐದೈದರ ಗುಂಪು, ಒಟ್ಟು ಅರವತ್ತು ಪ್ರೋಟೀನ್. ಅರವತ್ತೂ ಒಂದೇ ಅಚ್ಚಿನವು. ಬೇರೆ ಬೇರೆ ಭಾಗ ಮಾಡಲು ಅದರ ಹತ್ತಿರ ಅಕ್ಷರ ಎಲ್ಲಿದೆ?

ಕೊರೋನಾಗೆ ಮೇಲೊಂದು ಕೊಬ್ಬಿನ ಹೊದಿಕೆ ಇತ್ತು, ಸೋಪು ಮತ್ತು ಸ್ಯಾನಿಟೈಸರ್ ಅದನ್ನು ಹರಿದುಹಾಕುತ್ತಿದ್ದವು. ಇದಕ್ಕೆ ಹೊದಿಕೆಯೇ ಇಲ್ಲ. ಹಾಗಾಗಿ ನನ್ನ ಅತ್ತರಿಗೆ ಬಗ್ಗುವ ಜಾತಿ ಅಲ್ಲ. ಬ್ಲೀಚಿಂಗ್ ಪೌಡರ್ ಬೇಕು, ಅದೂ ಸಗಣಿ ಕೆರೆದು ತೊಳೆದ ಮೇಲೆ.

ನಕಲು ಮಾಡಲು ಬೇಕಾದ ಮುಖ್ಯ ಯಂತ್ರವೂ ಇದಕ್ಕೆ ಸ್ವಂತದ್ದಿಲ್ಲ. ಹಂದಿಯ ಜೀವಕೋಶ ತನ್ನ ಡಿಎನ್‌ಎ ನಕಲು ಮಾಡುವ ಹೊತ್ತಿಗೆ ಕಾದು, ಅದೇ ಯಂತ್ರ ಬಳಸಿಕೊಳ್ಳುತ್ತದೆ. ರೋಗ ತಡೆಯುವ ಬಿಳಿ ರಕ್ತಕಣಗಳು ಕಡಿಮೆಯಾಗುತ್ತವೆ. ಕಾವಲು ಸಡಿಲವಾದ ಮೇಲೆ ನ್ಯುಮೋನಿಯಾ, ಭೇದಿ ಎಲ್ಲ ಸಲೀಸಾಗಿ ನುಗ್ಗುತ್ತವೆ. ಹೆಸರು ಅವಕ್ಕೆ ಬರುತ್ತದೆ. ಬಾಗಿಲು ತೆಗೆದವನು ಆರಾಮಾಗಿರುತ್ತಾನೆ.

ಇದರ ಅಣ್ಣ, ಅಂದರೆ ಮೊದಲನೇ ಬಗೆ, 1974ರಲ್ಲಿ ಲ್ಯಾಬಿನಲ್ಲಿ ಬೆಳೆಸಿದ ಹಂದಿ ಮೂತ್ರಪಿಂಡದ ಕೋಶಗಳಲ್ಲಿ ಸಿಕ್ಕಿದ್ದು. ಅದು ಹಂದಿಗೂ ಏನೂ ಮಾಡುವುದಿಲ್ಲ. 2010ರಲ್ಲಿ ಮಕ್ಕಳಿಗೆ ಹಾಕುವ ರೋಟಾವೈರಸ್ ಲಸಿಕೆಯೊಂದರಲ್ಲಿ ಅದರ ಚೂರು ಕಂಡು ಅಮೆರಿಕದಲ್ಲಿ ಕೆಲವು ವಾರ ಲಸಿಕೆ ನಿಲ್ಲಿಸಿದ್ದರು. ಮನುಷ್ಯರಿಗೆ ತೊಂದರೆ ಇಲ್ಲ ಅಂತ ನೋಡಿ ಮತ್ತೆ ಶುರು ಮಾಡಿದರು. ಆದ್ದರಿಂದ ಸೋರ್ಪೊಟೆಲ್ (ಗೋವಾದ ಹಂದಿಮಾಂಸದ ಅಡುಗೆ) ತಿನ್ನುವವರು ಈ ಪೋಸ್ಟ್ ಓದಿ ತಟ್ಟೆ ತಳ್ಳಬೇಕಿಲ್ಲ.

ಎರಡನೆಯದಕ್ಕೆ ಒಳ್ಳೇ ಲಸಿಕೆಗಳಿವೆ, 2006ರ ಸುಮಾರಿನಿಂದಲೇ. ಕೆಲವು ಲಸಿಕೆಗೆ ಆ ಅರವತ್ತು ತುಂಡುಗಳ ಪ್ರೋಟೀನನ್ನು ಕೀಟದ ಕೋಶದಲ್ಲಿ ತಯಾರಿಸುತ್ತಾರೆ. ತುಂಡುಗಳು ತಾವೇ ಸೇರಿ ಚೆಂಡಾಗುತ್ತವೆ, ಒಳಗೆ ಏನೂ ಇರುವುದಿಲ್ಲ. ಆ ಖಾಲಿ ಚೆಂಡು ನೋಡಿಯೇ ಮರಿಯ ದೇಹ ಕಳ್ಳನ ಮುಖ ನೆನಪಿಟ್ಟುಕೊಳ್ಳುತ್ತದೆ.

ಅಷ್ಟಿದ್ದೂ ಶಾಂತಕ್ಕನ ಮರಿಗಳಿಗೆ ಯಾಕಿಲ್ಲ? ವೈದ್ಯರು ಹೇಳಿದ ಬಾಟಲಿ ಐವತ್ತು ಮರಿಗಳದ್ದು. ಇವರ ಹತ್ತಿರ ಇರುವುದು ಏಳು. ಬೂಚು ಚುಚ್ಚಿದ ಮೇಲೆ ಉಳಿದದ್ದನ್ನು ಇಡುವ ಹಾಗಿಲ್ಲ. ಆ ಬಾಟಲಿ ದೊಡ್ಡ ಫಾರ್ಮಿನ ಲೆಕ್ಕಕ್ಕೆ ಮಾಡಿದ್ದು. ಹಿತ್ತಲಲ್ಲಿ ನಾಲ್ಕು ಹಂದಿ ಸಾಕುವವರನ್ನು ಸಾಕಣೆದಾರರು ಅಂತ ಯಾರೂ ಎಣಿಸಿಯೇ ಇಲ್ಲ, ಅಲ್ವಾ? ಹತ್ತು ಮರಿಗಾಗುವ ಬಾಟಲಿ ಹಳ್ಳಿಗೆ ಬರಬೇಕು. ಅಲ್ಲಿಯವರೆಗೆ ಐದಾರು ಮನೆಯವರು ಸೇರಿ ತರಿಸಿ ಅಂದೆ.

"ಐದು ಮನಿ ಹಂದಿ ಒಂದ ವಾರದಾಗ ಮರಿ ಹಾಕಬೇಕಲ್ರೀ ಸರ!" ಅಂದರು.

ಅದು ನನಗೆ ಹೊಳೆದೇ ಇರಲಿಲ್ಲ. ಮೂರು ವಾರ ತುಂಬಿದ ಮರಿಗಳಿಗೆಲ್ಲ ಹಾಕಬಹುದು, ತಿಂಗಳಿಗೊಂದು ದಿನ ಗೊತ್ತು ಮಾಡಿ ಅಂದೆ. ಅಕ್ಕ ಬೆರಳು ಮಡಚಿ ಲೆಕ್ಕ ಹಾಕಿದರು. ಆಚೆ ಮನೆಯವರಲ್ಲಿ ಒಂಬತ್ತು, ಚರ್ಚಿನ ಹಿಂದಿನವರಲ್ಲಿ ಹನ್ನೊಂದು, ತಮ್ಮ ಏಳು. ಇನ್ನೂ ಇಪ್ಪತ್ಮೂರು ಬೇಕು. ಆ ಕಡೆ ಯಾರಾದರೂ ಹಂದಿ ಸಾಕುವವರಿದ್ದರೆ ಇನ್‌ಬಾಕ್ಸಿಗೆ ಬನ್ನಿ.